ರಿವೈಂಡಿಂಗ್

ಸುಟ್ಟ ಮೋಟಾರನ್ನು ನಾನು ಮೂಗಿನಿಂದಲೇ ಹೇಳಬಲ್ಲೆ.
ವಾರ್ನಿಶ್ ಕರಗಿದ ವಾಸನೆ ಬೇರೆ, ಬೇರಿಂಗ್ ಹಿಡಿದ ವಾಸನೆ ಬೇರೆ.
ಶಿವಮೊಗ್ಗ, ಸಾಗರ ರಸ್ತೆ, ತಗಡಿನ ಶೆಡ್ಡು;
ಹದಿನಾರು ವರ್ಷದಿಂದ ತಾಮ್ರ ಬಿಚ್ಚುತ್ತೇನೆ, ಸುತ್ತುತ್ತೇನೆ.
ಲೆಕ್ಕ ತಪ್ಪಿದರೆ ಪಂಪು ಗೊಣಗುತ್ತದೆ,
ನೀರು ಎತ್ತುವುದಿಲ್ಲ.

ಹಾಗಾಗಿ ಲ್ಯಾಬಿನ ಹುಡುಗಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ
"ನೀವೇ ನೋಡ್ತೀರಾ?" ಎಂದಾಗ ನಾಚಲಿಲ್ಲ.
ಕಸುಬುದಾರನ ಕಣ್ಣು. ನೋಡಿತು.

ಇದ್ದಾವೆ. ಬೇಕಾದಷ್ಟು ಇದ್ದಾವೆ.
"ಸತ್ತಿಲ್ಲ ಸಾರ್, ಬಣ್ಣ ಹಾಕಿ ನೋಡಿದೆ."
ಬರೀ ನಿಂತಿದ್ದಾವೆ,
ಕರೆಂಟು ಹೋದ ಛತ್ರದಲ್ಲಿ
ಫ್ಯಾನು ನೋಡುತ್ತ ಕೂತ ಬೀಗರ ಹಾಗೆ.
ಒಂದರ ಬಾಲ ಮೋಟು, ಒಂದಕ್ಕೆ ಬಾಲವೇ ಇಲ್ಲ,
ಇನ್ನೊಂದು ತನ್ನದನ್ನು ಚಕ್ಕುಲಿ ಸುತ್ತಿಕೊಂಡು ಕೂತಿದೆ.
"ಬಾಲ ಬಿಚ್ಚಬೇಡ" ಎಂದು ಮೇಷ್ಟ್ರು ಗದರುತ್ತಿದ್ದರಲ್ಲ,
ಇವು ಆ ಮಾತನ್ನು ಹುಟ್ಟುವ ಮೊದಲೇ ಕೇಳಿಸಿಕೊಂಡಿದ್ದವು.

ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದರು:
ಬಾಲದೊಳಗೆ ಸುತ್ತ ಒಂಬತ್ತು ಜೋಡಿ ಕೊಳವೆ, ನಡುವೆ ಎರಡು,
ಜೋಡಿಯಿಂದ ಜೋಡಿಗೆ ಚಾಚಿದ ಪುಟ್ಟ ಪುಟ್ಟ ಕೈ.
"ಬಾಲ ಬಡಿಯೋದು ಇದರಿಂದ. ಇದೇ ಮೋಟಾರು" ಎಂದರು
ನನ್ನ ಕಸುಬು ತಿಳಿಯದೆ.
ನಗು ಬಂತು. ವನಜಾಕ್ಷಿ ತೊಡೆ ಚಿವುಟಿದಳು.
ಎಷ್ಟು ಗೇಜಿನ ತಂತಿ ಮೇಡಂ, ಎಂದು ಬಾಯಿಗೆ ಬಂದಿತ್ತು.

ರಕ್ತ ಬೆಂಗಳೂರಿಗೆ ಹೋಯಿತು. ಹತ್ತು ವಾರದ ಮೇಲೆ ಕಾಗದ:
ಮೋಟಾರು ಕಟ್ಟುವ ಬರಹದಲ್ಲಿ ಒಂದಕ್ಷರ ತಪ್ಪು.
ಅಪ್ಪ ಕೊಟ್ಟ ಪ್ರತಿಯಲ್ಲೂ ಅದೇ, ಅಮ್ಮ ಕೊಟ್ಟಿದ್ದರಲ್ಲೂ ಅದೇ.
ಒಂದು ಸರಿಯಿದ್ದಿದ್ದರೆ ಸಾಕಿತ್ತಂತೆ.
"ತಂದೆ ತಾಯಿ ಸಂಬಂಧದಲ್ಲೇನಾ?"
ಅಮ್ಮನಿಗೆ ಅಪ್ಪ ಸ್ವಂತ ಸೋದರಮಾವ, ಮೇಡಂ.
ಹಾರನಹಳ್ಳಿಯ ಮೂರೆಕರೆ ಹೊರಗೆ ಹೋಗಬಾರದೆಂದು
ಹೆಗಲ ಮೇಲೆ ಹೊತ್ತು ಆಡಿಸಿದವನಿಗೇ ಕೊಟ್ಟರು.
ಹದಿನೈದು ಆಗ ಅವಳಿಗೆ.
ಅವನು ಸಾಯುವ ತನಕ "ಮಾವಾ" ಎಂದೇ ಕರೆದಳು.

ಹೊಲ ಹೊರಗೆ ಹೋಗಲಿಲ್ಲ.
ಅಕ್ಷರವೂ.

ವನಜಾಕ್ಷಿಯ ಗರ್ಭದ ಫೋಟೋಗಳೇ ಒಂದು ಆಲ್ಬಂ ಆಗುತ್ತವೆ;
ಕಷಾಯ, ಮಂಗಳವಾರದ ಉಪವಾಸ, ಅರಳಿಮರದ ಸುತ್ತು.
ನನ್ನದು ಒಂದೇ ಡಬ್ಬಿ. ಅದೂ ಎಂಟನೇ ವರ್ಷ.
ಒಂದನ್ನು ಸೂಜಿಯಲ್ಲಿ ಹಿಡಿದು ಮೊಟ್ಟೆಯೊಳಗೆ ಬಿಡಬಹುದಂತೆ,
ಈಜುವ ಕೆಲಸ ಸೂಜಿಯದ್ದು.
"ಚುಚ್ಚಿಸಿಕೊಳ್ಳೋದೂ ನಾನೇ ಅಲ್ವಾ? ಯೋಚನೆ ಮಾಡ್ತೀನಿ"
ಎಂದಳು. ಮಾಡುತ್ತಿದ್ದಾಳೆ. ಕೇಳಲು ನನಗೆ ಬಾಯಿಲ್ಲ.

ನಿದ್ದೆ ಕೆಡಿಸಿದ್ದು ಅದಲ್ಲ. ಅಣ್ಣ.
ಅಣ್ಣನಿಗೂ ಇಲ್ಲ. ಎರಡನೆಯವಳಲ್ಲೂ ಇಲ್ಲ.
ಮೊದಲನೆಯವಳು ದಾಕ್ಷಾಯಿಣಿ ಅತ್ತಿಗೆ,
ಬಂಜೆ ಎಂದು ನಾಲ್ಕು ಜನ ಕೂತು ತೀರ್ಮಾನಿಸಿ ಕಳಿಸಿದ ದಿನ
ಅವಳ ಟ್ರಂಕನ್ನು ಬಸ್ಸಿನ ಮೇಲೇರಿಸಿದ ಕೈ ನನ್ನದು.
ಹತ್ತೊಂಬತ್ತು ವರ್ಷ ಆಗ ನನಗೆ,
ಹಗ್ಗ ಗಟ್ಟಿಯಾಗಿ ಬಿಗಿದಿದ್ದೆ.

ಭಾನುವಾರ ರಿಪೋರ್ಟಿನ ಜೆರಾಕ್ಸ್ ಮಡಚಿ ಜೇಬಿಗಿಟ್ಟು
ಶಿಕಾರಿಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡ್ ಹಿಂದೆ
ಅವಳದೊಂದು ಹಿಟ್ಟಿನ ಗಿರಣಿ. ಹುಬ್ಬಿಗೆಲ್ಲ ರಾಗಿ ಹಿಟ್ಟು.
ದೊಡ್ಡ ಮಗ ಚೀಲ ಹಿಡಿದಿದ್ದ, ಚಿಕ್ಕವಳಿಬ್ಬರು
ತಕ್ಕಡಿ ಬಟ್ಟಲಲ್ಲಿ ಒಬ್ಬರನ್ನೊಬ್ಬರು ತೂಗುತ್ತಿದ್ದರು.

ಓದಿದಳು. ಇಂಗ್ಲಿಷು ಬಿಟ್ಟು ಬಿಟ್ಟು.
ನಾನು ಚಿತ್ರ ಬರೆದೆ, ಸುತ್ತ ಒಂಬತ್ತು, ನಡುವೆ ಎರಡು,
ಹಿಟ್ಟಿನ ಮೇಲೆ, ಬೆರಳಲ್ಲಿ.
"ಇವನು ಹೊಟ್ಟೆಯಲ್ಲಿ ಒದ್ದಾಗಲೇ ಗೊತ್ತಾಯ್ತು ನಂಗೆ.
ಕಾಗದ ನಿಮ್ಮನೆಗೆ ಬೇಕಿತ್ತು."
ಚಿತ್ರವನ್ನು ಅಂಗೈಯಲ್ಲಿ ಒರೆಸಿದಳು,
ಸಿಟ್ಟಿನಿಂದಲ್ಲ, ಯಾರದೋ ಗೋಧಿ ಬರುತ್ತಿತ್ತು.

ಆಮೇಲೆ, "ಬಂದಿದ್ದೀಯಲ್ಲ, ಗಿರಣಿ ಬಿಸಿಯಾಗ್ತಿದೆ, ನೋಡು."
ಬೆಲ್ಟು ಬಿಚ್ಚಿ ಮೂಗು ಹತ್ತಿರ ಒಯ್ದೆ.
ಬೇರಿಂಗು ಅತ್ತಿಗೆ. ಸುತ್ತು ಚೆನ್ನಾಗಿದೆ.
ಅತ್ತಿಗೆ ಎಂದುಬಿಟ್ಟಿದ್ದೆ.
ಅವಳು ಸ್ಪ್ಯಾನರ್ ಹುಡುಕುತ್ತಿದ್ದಳು.